ಮೂರನೆಯ ಸರದಿಯ ರೆಮಿ ಮಿಶೋ

ರೆಮಿ ಮಿಶೋಗೆ ಇಪ್ಪತ್ತೇಳು ತುಂಬಿದ್ದರೂ ಎದುರಿಗಿದ್ದವರ ಮುಖ ನೋಡಿಕೊಂಡು “ಇಲ್ಲ” ಎನ್ನಲು ಇನ್ನೂ ಬಂದಿರಲಿಲ್ಲ. ಊರವರು ಅದನ್ನು ಒಳ್ಳೆಯತನ ಎಂದುಕೊಂಡಿದ್ದರು. ಅದು ಬರೀ ಸೋಮಾರಿತನ ಎಂಬುದು ಅವನೊಬ್ಬನಿಗೇ ಗೊತ್ತಿತ್ತು. ಇಲ್ಲ ಅಂದರೆ ಯಾಕೆ ಅಂತ ಕೇಳುತ್ತಾರೆ. ಯಾಕೆ ಅಂತ ಹೇಳಬೇಕಾದರೆ ಯೋಚನೆ ಮಾಡಬೇಕು. ಹೂಂ ಅಂದುಬಿಟ್ಟರೆ ಆ ಹೊತ್ತಿನ ತಾಪತ್ರಯ ಅಲ್ಲಿಗೇ ಮುಗಿಯಿತು. ಹೀಗೆ ಹೂಂಗುಟ್ಟಿಕೊಂಡೇ ಅವನು ಶಾಲೆಯ ಐಸ್ ಹಾಕಿ ತಂಡದಲ್ಲಿ ಯಾರಿಗೂ ಬೇಡವಾದ ಗೋಲ್‌ಕೀಪರ್ ಜಾಗದಲ್ಲಿ ನಿಂತಿದ್ದ. ಊರು ಬಿಟ್ಟುಹೋದ ಗೆಳೆಯನೊಬ್ಬನ ಮುದಿ ನಾಯಿಯನ್ನು ಸಾಕಿಕೊಂಡಿದ್ದ. ಕೆಲಸಕ್ಕೆ ಸೇರಿದ ದಿನ ಕೊಟ್ಟ ಕಂಪನಿ ಜಾಕೆಟ್ಟಿನ ಎದೆಯ ಮೇಲೆ ಹಿಂದಿನ ಚಾಲಕನ ಹೆಸರು “ರೇಮಂಡ್” ಎಂದು ಹೊಲಿದಿತ್ತು. ಬದಲಾಯಿಸಿ ಎಂದು ಕೇಳುವ ಗೋಜಿಗೆ ಹೋಗದೆ ಅದನ್ನೇ ತೊಟ್ಟುಕೊಂಡು ಓಡಾಡಿದ. ಅರ್ಧ ಗಿರಾಕಿಗಳ ಪಾಲಿಗೆ ಅವನು ಈಗ ರೇಮಂಡನೇ.

ಕೆಲಸ ಪ್ರಾಕ್ಟರ್ ಆಯಿಲ್‌ನಲ್ಲಿ, ಟ್ಯಾಂಕರ್ ಓಡಿಸುವುದು. ಮೇನ್ ರಾಜ್ಯದ ಚಳಿಗಾಲದಲ್ಲಿ ಮನೆ ಕಾಯಿಸುವ ಎಣ್ಣೆಯನ್ನು ಮನೆ ಮನೆಗೆ ಹೋಗಿ ತುಂಬಿಸಬೇಕು. ಮೊಣಕಾಲುದ್ದದ ಹಿಮದಲ್ಲಿ ದಪ್ಪ ಪೈಪನ್ನು ಎಳೆದುಕೊಂಡು ಹೋಗಿ ಗೋಡೆಯ ಕೊಳವೆಗೆ ಸಿಕ್ಕಿಸಿ ಹಿಡಿ ಒತ್ತಿದರೆ, ನೆಲಮಾಳಿಗೆಯ ಟ್ಯಾಂಕಿನಿಂದ ಹೊರಬರುವ ಗಾಳಿ ಸೀಟಿ ಊದತೊಡಗುತ್ತದೆ. ಸೀಟಿ ಕೇಳುತ್ತಿರುವ ತನಕ ಹಾಕುತ್ತಿರು. ನಿಂತ ಕೂಡಲೇ ನಿಲ್ಲಿಸು. ಸೀಟಿಯೇ ಕೇಳದಿದ್ದರೆ ಹಾಕಲೇಬೇಡ. ಕೆಲಸದ ಕಟ್ಟಳೆಯೆಲ್ಲ ಇಷ್ಟೇ. ರೆಮಿಗೆ ಈ ಉದ್ಯೋಗ ಹಿಡಿಸಿದ್ದೂ ಅದಕ್ಕೇ. ತೀರ್ಮಾನವನ್ನೆಲ್ಲ ಟ್ಯಾಂಕೇ ಮಾಡಿಬಿಡುತ್ತಿತ್ತು.

ಅವನು ಇದ್ದದ್ದು ಬಾರ್ಕರ್ ಕೆರೆಯ ದಂಡೆಯಲ್ಲಿ, ಒಡೀಲ್ ತಾಂತ್‌ಳ ಮನೆಯಲ್ಲಿ. ಅಪ್ಪನ ಅಕ್ಕ, ಈ ಫ್ರೆಂಚ್ ಮನೆತನಗಳಲ್ಲಿ ಅತ್ತೆಗೆ ತಾಂತ್ ಎನ್ನುತ್ತಾರೆ. ಮದುವೆಯಾಗಲಿಲ್ಲ. ಶೂ ಕಾರ್ಖಾನೆಯಲ್ಲಿ ಕೈಹೊಲಿಗೆ ಹಾಕುತ್ತಿದ್ದವಳು, ಕೆರೆಯ ದಂಡೆಯೆಂದರೆ ಕಪ್ಪುನೊಣ ಮತ್ತು ಕೆಸರು ಎಂದು ಯಾರೂ ಮೂಸಿ ನೋಡದ ಕಾಲದಲ್ಲಿ, ಬೇಸಿಗೆಗೆಂದು ಯಾರೋ ಕಟ್ಟಿದ್ದ ಮರದ ಗೂಡೊಂದನ್ನು ಕೊಂಡಳು. ಒಂದೊಂದು ವರ್ಷ ಒಂದೊಂದು ಗೋಡೆಗೆ ಹತ್ತಿ ತುಂಬಿಸಿ, ಕಿಟಕಿಗೆ ಎರಡು ಪದರ ಗಾಜು ಹಾಕಿಸಿ, ಚಳಿಗಾಲಕ್ಕೂ ಆಗುವಂಥ ಮನೆ ಮಾಡಿದಳು. ರೆಮಿಯ ಅಪ್ಪ ಫ್ಲಾರಿಡಾಕ್ಕೆ ಛಾವಣಿ ಕೆಲಸಕ್ಕೆಂದು ಹೋದವನು ಪ್ರತಿ ಕ್ರಿಸ್‌ಮಸ್‌ಗೆ ಒಂದು ಪೆಟ್ಟಿಗೆ ಕಿತ್ತಳೆ ಕಳಿಸುವಷ್ಟಕ್ಕೆ ತಂದೆತನ ಮುಗಿಸಿಕೊಂಡ. ಹುಡುಗನನ್ನು ತಾಂತ್ ಇಟ್ಟುಕೊಂಡಳು.

ಆಮೇಲೆ ಬಾಸ್ಟನ್‌ನವರು ಬಂದರು. ಕೆರೆಯ ಸುತ್ತ ಗಾಜಿನ ಮನೆಗಳೆದ್ದವು. ಅವುಗಳ ಬೆಲೆ ನೋಡಿ ಊರಿನ ಕಂದಾಯದವರು ತಾಂತ್‌ಳ ಗೂಡಿಗೂ ಅದೇ ತಕ್ಕಡಿ ಹಿಡಿದರು. ಮನೆ ಕಂದಾಯ ವರ್ಷದಿಂದ ವರ್ಷಕ್ಕೆ ಮೇಲೇರಿತು.

“ಮನೆಗಲ್ವಂತೆ, ಕಿಟಕಿಯಿಂದ ಕಾಣೋ ಕೆರೆಗಂತೆ ಕಂದಾಯ,” ಎಂದು ತಾಂತ್ ಊರೆಲ್ಲ ಸಾರಿದಳು. “ಹಾಗಾದ್ರೆ ಕಿಟಕಿಗೆ ಹಲಗೆ ಹೊಡೀತೀನಿ. ಬಿಡ್ತಾರಾ ಕೇಳು.”

ಅವಳ ಪಿಂಚಣಿ ಕಂದಾಯಕ್ಕೆ, ಅವನ ಸಂಬಳ ಮಿಕ್ಕಿದ್ದಕ್ಕೆ ಎಂಬಂತೆ ಮನೆ ನಡೆಯುತ್ತಿತ್ತು. ಎರಡರಲ್ಲಿ ಒಂದು ಕಾಲು ಎಳೆದರೂ ಮೇಜು ಮಗುಚುತ್ತದೆ. ಪಕ್ಕದ ಗಾಜಿನ ಮನೆಯ ಕೀಟಿಂಗ್ ಅದಕ್ಕೇ ಕಾದಿದ್ದ. ಪ್ರತಿ ವರ್ಷ ಮೇ ತಿಂಗಳಲ್ಲಿ ರೆಮಿ ಅವನ ದೋಣಿಕಟ್ಟೆಯನ್ನು ನೀರಿಗಿಳಿಸಿ ಜೋಡಿಸಿಕೊಡುವಾಗ, ದಂಡೆಯಲ್ಲಿ ಕಾಫಿ ಹಿಡಿದು ನಿಂತು ನಗುನಗುತ್ತಾ ಕೇಳುತ್ತಿದ್ದ: “ಹೇಗೆ, ಒಡೀಲ್ ಈ ವರ್ಷ ಮಾರ್ತಾರಾ?” ರೆಮಿ “ಕೇಳಿ ಹೇಳ್ತೀನಿ” ಅನ್ನುತ್ತಿದ್ದ. ಒಳಗೆ ಹೋಗಿ ಹೇಳಿದರೆ ತಾಂತ್ ಫ್ರೆಂಚಿನಲ್ಲಿ, ಚರ್ಚಿಗೆ ಹೋಗುವವರು ಆಡಬಾರದ ನಾಲ್ಕು ಮಾತು ಆಡುತ್ತಿದ್ದಳು. ಹೊರಗೆ ಬಂದು ರೆಮಿ “ಇನ್ನೂ ಯೋಚನೆ ಮಾಡ್ತಿದಾಳೆ” ಎಂದು ಅನುವಾದಿಸುತ್ತಿದ್ದ.

ಇಷ್ಟರಲ್ಲಿ ಡೋರೀನ್ ಕ್ಯಾಸ್ಟಾಂಗ್ವೇ ಮಸೂದೆ ತಂದಳು.

ಡೋರೀನ್ ಆ ಕ್ಷೇತ್ರದ ಶಾಸಕಿ. ಅಧಿವೇಶನವಿದ್ದಾಗ ಗುರುವಾರದ ತನಕ ರಾಜಧಾನಿ ಅಗಸ್ಟಾದಲ್ಲಿ ಶಾಸನಸಭೆ, ಶುಕ್ರವಾರ ಶನಿವಾರ ತನ್ನದೇ ಸಲೂನಿನಲ್ಲಿ ಹೆಂಗಸರ ತಲೆ. ಶಾಸಕಿಯ ಸಂಬಳದಲ್ಲಿ ಆ ರಾಜ್ಯದಲ್ಲಿ ಯಾರ ಹೊಟ್ಟೆಯೂ ತುಂಬುವುದಿಲ್ಲ. ಕೂದಲಿಗೆ ಕ್ಲಿಪ್ಪು ಹಾಕಿಸಿಕೊಳ್ಳುತ್ತಲೇ ಜನ ಅಹವಾಲು ಹೇಳುತ್ತಿದ್ದರು. ಕತ್ತರಿ ಕೈಯಲ್ಲಿರುವವಳ ಜೊತೆ ಯಾರೂ ಹೆಚ್ಚು ವಾದ ಮಾಡುತ್ತಿರಲಿಲ್ಲ. ಅವಳ ಪ್ರಸ್ತಾವದ ಅರ್ಧಕ್ಕರ್ಧ ಹುಟ್ಟಿದ್ದೇ ಒಡೀಲ್ ತಾಂತ್‌ಳ ಬಾಯಿಂದ.

ಮಾರ್ಚಿನ ಒಂದು ಶನಿವಾರ ರೆಮಿ ತಾಂತ್‌ಳನ್ನು ಸಲೂನಿಗೆ ಕರೆತಂದು ಮೂಲೆಯ ಕುರ್ಚಿಯಲ್ಲಿ ಕೂತಿದ್ದ. ತಾಂತ್ ಡ್ರೈಯರಿನ ಗೋಪುರದಡಿ ಕಣ್ಣು ಮುಚ್ಚಿದ್ದಳು. ಡೋರೀನ್ ಬಾಚಣಿಗೆಯನ್ನು ಗಾಳಿಯಲ್ಲಾಡಿಸುತ್ತಾ ಅವನಿಗೆ ಪಾಠ ಹೇಳಿದಳು.

“ಎರಡೇ ಮಾತು, ಮರಿ. ಅರವತ್ತೈದು ದಾಟಿದೋರು ಇರೋ ಮನೆ ಕಂದಾಯ ಇದ್ದಲ್ಲೇ ನಿಲ್ಲುತ್ತೆ. ಅದ್ರಿಂದ ಊರಿಗೆ ಕಮ್ಮಿ ಬೀಳೋದನ್ನ ರಾಜ್ಯ ತುಂಬಿಕೊಡುತ್ತೆ.”

“ರಾಜ್ಯಕ್ಕೆ ಯಾರು ತುಂಬಿಕೊಡ್ತಾರೆ?”

“ಅದೇ ಎರಡನೇ ಮಾತು. ಮನೆ ಕಾಯಿಸೋ ಎಣ್ಣೆ ಮೇಲೆ ಸುಂಕ. ಮಿಕ್ಕಿದ್ರಲ್ಲಿ ಇಲ್ಲದೋರ ಮನೆಗೆ ಹೀಟ್ ಪಂಪ್. ಕರೆಂಟಲ್ಲಿ ಮನೆ ಬೆಚ್ಚಗಾಗುತ್ತೆ, ಹೊಗೆನೂ ಇಲ್ಲ, ವಾಸನೆನೂ ಇಲ್ಲ. ಒಡೀಲ್ ತನ್ನ ಮನೇಲಿ ತಾನಿರ್ತಾಳೆ.”

“ಎಣ್ಣೆ ಹಾಕೋನು ನಾನಲ್ವಾ, ಡೋರೀನ್.”

“ಅದಕ್ಕೇ ನೀನು ಬಂದು ಮಾತಾಡ್ಬೇಕು ಅಂತಿರೋದು. ಎಣ್ಣೆ ಹಾಕೋನೇ ಸಮಿತಿ ಮುಂದೆ ನಿಂತು ಈ ಮಸೂದೆ ಬೇಕು ಅಂದ್ರೆ, ಬೇಡ ಅನ್ನೋಕೆ ಯಾರಿಗೆ ಬಾಯಿ ಬರುತ್ತೆ? ಮೂರು ನಿಮಿಷ ಸಾಕು.”

ಡ್ರೈಯರಿನೊಳಗಿಂದ ತಾಂತ್ ಕಿವುಡರ ಹಾಗೆ ಕೂಗಿದಳು. “ಏನಂದ? ಹೂಂ ಅಂದ್ನಾ?”

“ಇನ್ನೂ ಇಲ್ಲ, ಒಡೀಲ್.”

“ಅಂತಾನೆ ಬಿಡು. ಇಲ್ಲ ಅನ್ನೋದು ಅವನ ಬಾಯಿಂದ ಬಂದಿದ್ದು ನಾನಂತೂ ಕೇಳಿಲ್ಲ.”

ಎರಡನೆಯ ಕುರ್ಚಿಯ ಹೆಂಗಸು ನಕ್ಕಳು. ರೆಮಿ ಹೂಂ ಅಂದ.

ಸೋಮವಾರ ಬೆಳಿಗ್ಗೆ ಟ್ಯಾಂಕರುಗಳ ಅಂಗಳದಲ್ಲಿ ವಿನ್ಸ್ಲೋ ಪ್ರಾಕ್ಟರ್ ಡೋನಟ್ಟಿನ ಪೆಟ್ಟಿಗೆ ಹಿಡಿದು ನಿಂತಿದ್ದ. ಧಣಿಯೇ ಡೋನಟ್ ತಂದನೆಂದರೆ ಏನೋ ಕೇಡು ಕಾದಿದೆ ಎಂದು ಚಾಲಕರಿಗೆಲ್ಲ ಗೊತ್ತು.

“ಗುರುವಾರ ಯಾರೂ ಗಾಡಿ ತೆಗೀಬೇಡಿ. ಎಲ್ರೂ ಅಗಸ್ಟಾಗೆ. ಆ ಕೂದಲು ಕತ್ತರಿಸೋಳು ನಮ್ಮ ಕುತ್ತಿಗೆಗೇ ಕತ್ತರಿ ಇಟ್ಟಿದಾಳೆ. ಕಂಪನಿ ಜಾಕೆಟ್ ಹಾಕ್ಕೊಂಡು ಒಂದು ಸಾಲು ತುಂಬ ಕೂರೋಣ, ನೋಡ್ಲಿ.” ಆಮೇಲೆ ರೆಮಿಯ ಕಡೆ ತಿರುಗಿದ. “ನೀನು ಎದ್ದು ಮಾತಾಡ್ತೀಯ ಕಣಯ್ಯ. ನಮ್ಮಲ್ಲಿ ಚಿಕ್ಕೋನು ನೀನೇ. ನನ್ನ ಮುಖ ನೋಡಿದ್ರೆ ಯಾರಿಗೂ ಅಯ್ಯೋ ಅನ್ಸಲ್ಲ.”

“ಮಸೂದೆ ಆಗೋದ್ರೆ ಏನ್ ಮಾಡ್ತೀರಿ, ವಿನ್ಸ್ಲೋ?”

“ಒಂದು ಗಾಡಿ ನಿಲ್ಲಿಸ್ಬೇಕಾಗುತ್ತೆ. ಯಾವುದು ಅಂತ ಕೇಳ್ಬೇಡ.”

ರೆಮಿ ಕೇಳಲಿಲ್ಲ. ಕೊನೆಗೆ ಸೇರಿದವನು ತಾನು; ಜಾಕೆಟ್ಟಿನ ಮೇಲೆ ಸ್ವಂತ ಹೆಸರೂ ಇಲ್ಲದವನು. ವಿನ್ಸ್ಲೋ ಕೆಟ್ಟವನೇನೂ ಅಲ್ಲ. ಜನವರಿಯ ಒಂದು ಭಾನುವಾರ ತಾಂತ್‌ಳ ಟ್ಯಾಂಕು ಬರಿದಾದಾಗ ಚರ್ಚಿನ ಕೋಟಿನಲ್ಲೇ ಗಾಡಿ ಓಡಿಸಿಕೊಂಡು ಬಂದು ಎಣ್ಣೆ ಹಾಕಿ ಹೋದವನು. ಅಂಥವನಿಗೆ, ಅದೂ ಡೋನಟ್ ಬಾಯಲ್ಲಿರುವಾಗ, ಇಲ್ಲ ಎನ್ನುವುದು ಹೇಗೆ? ಹೂಂ ಅಂದ.

ಗುರುವಾರದೊಳಗೆ ಇಬ್ಬರಲ್ಲಿ ಒಬ್ಬರಿಗೆ ಹೇಳಿಬಿಡಬೇಕು ಎಂದು ಅವನು ನಿಶ್ಚಯಿಸಿದ. ಯಾರಿಗೆ ಎಂಬುದನ್ನು ಮಂಗಳವಾರ ನೋಡೋಣ ಅಂದುಕೊಂಡ. ಮಂಗಳವಾರ, ಜೋರು ಹಿಮ ಬಿದ್ದು ಕಲಾಪವೇ ರದ್ದಾಗಬಹುದು ಎಂಬ ಆಸೆ ಹುಟ್ಟಿತು. ಬುಧವಾರ ಬಿದ್ದದ್ದು ಮಳೆ. ಹಿಮ ಕರಗಿ ಮಣ್ಣುದಾರಿಗಳೆಲ್ಲ ಅಂಬಲಿಯಾದವು. ಭಾರದ ಗಾಡಿ ಹೋಗಕೂಡದು ಎಂದು ಊರಿನವರು ಅಲ್ಲಲ್ಲಿ ಕಿತ್ತಳೆ ಬಣ್ಣದ ಫಲಕ ನೆಟ್ಟರು. ಅಗಸ್ಟಾಕ್ಕೆ ಹೋಗುವ ಡಾಂಬರು ರಸ್ತೆ ಮಾತ್ರ ತೊಳೆದಿಟ್ಟ ಹಾಗೆ ಚೆನ್ನಾಗಿತ್ತು.

ತೆರಿಗೆ ಸಮಿತಿಯ ಕೋಣೆಯಲ್ಲಿ ಕುದುರೆ ಲಾಳದಂತೆ ಬಾಗಿದ ಮೇಜಿನ ಸುತ್ತ ಸದಸ್ಯರು, ಎದುರಿಗೆ ಮೈಕು, ಮೈಕಿನ ಪಕ್ಕ ಹಸಿರು ಹಳದಿ ಕೆಂಪು ದೀಪ. ಅಲ್ಲಿನ ಕ್ರಮ ಕಟ್ಟುನಿಟ್ಟು. ಮೊದಲು ಮಸೂದೆ ತಂದವರು ಮಾತಾಡಬೇಕು. ಆಮೇಲೆ ಪರ ಇರುವವರನ್ನು ಕರೆಯುತ್ತಾರೆ. ಅವರು ಮುಗಿದ ಮೇಲೆ ವಿರೋಧ ಇರುವವರನ್ನು. ಕೊನೆಗೊಂದು ಮೂರನೆಯ ಸರದಿ: ಪರವೂ ಅಲ್ಲದ, ವಿರೋಧವೂ ಅಲ್ಲದ ಜನಕ್ಕೆ. ಸಾಮಾನ್ಯವಾಗಿ ಅದರಲ್ಲಿ ಮಾತಾಡುವವರು ಇಲಾಖೆಯ ಟೈ ಕಟ್ಟಿದ ಅಧಿಕಾರಿಗಳು. ಅಷ್ಟು ಹೊತ್ತಿಗೆ ಮಿಕ್ಕವರು ಕೋಟು ಹುಡುಕಿಕೊಳ್ಳುತ್ತಿರುತ್ತಾರೆ.

ನೀಲಿ ಜಾಕೆಟ್ಟುಗಳ ಸಾಲಿನ ನಡುವೆ ರೆಮಿ ತನ್ನ ಉದ್ದವನ್ನೆಲ್ಲ ಮಡಚಿಕೊಂಡು ಕೂತ. ಮುಂದಿನವರ ತಲೆಯ ಹಿಂದೆ ಮರೆಯಾಗಬಹುದೆಂದು ಲೆಕ್ಕ ಹಾಕಿದ್ದ. ಮುಂದೆ ಕೂತವನು ಬೋಳುತಲೆಯ ಕುಳ್ಳ.

ಡೋರೀನ್ ಚೆನ್ನಾಗಿ ಮಾತಾಡಿದಳು. ಕೊನೆಗೆ ದನಿ ತಗ್ಗಿಸಿ, “ನನ್ನ ಮಾತು ಬಿಡಿ. ನಮ್ಮ ಊರಿನ ಒಬ್ಬ ದುಡಿಯೋ ಹುಡುಗ ಬಂದಿದಾನೆ. ಎಣ್ಣೆ ಗಾಡಿ ಓಡಿಸ್ತಾನೆ. ಆದ್ರೂ ತನ್ನ ತಾಂತ್‌ಗೋಸ್ಕರ ಈ ಮಸೂದೆ ಪರ ನಿಲ್ತಾನೆ. ರೆಮಿ ಮಿಶೋ ಅಂತ,” ಎಂದು ಹಿಂತಿರುಗಿ ಕೋಣೆಯೆಲ್ಲ ಕಣ್ಣಾಡಿಸಿದಳು. ಆ ಕಣ್ಣು ನೀಲಿ ಸಾಲಿನ ಮೇಲೆ ಬಂದು ನಿಂತಿತು. ಸಲೂನಿನಲ್ಲಿ ಬಣ್ಣ ಹಚ್ಚಿದ ಕೂದಲು ಹಸಿರಾಗಿ ಬಂದರೆ ನೋಡುವಳಲ್ಲ, ಹಾಗೆ ನೋಡಿದಳು.

“ನಿನ್ನ ಹೆಸರು ಯಾಕಯ್ಯ ಹೇಳಿದ್ಲು?” ವಿನ್ಸ್ಲೋ ಕಿವಿಯ ಹತ್ತಿರ ಕೇಳಿದ.

“ನನ್ನ ಕಟಿಂಗೂ ಅಲ್ಲೇ,” ಅಂದ ರೆಮಿ.

ಪರ ಇರುವವರು ಬನ್ನಿ ಎಂದಳು ಅಧ್ಯಕ್ಷೆ. ನಿವೃತ್ತ ಮೇಷ್ಟ್ರುಗಳು ಹೋದರು, ಹೀಟ್ ಪಂಪ್ ಕೂರಿಸುವವನೊಬ್ಬ ಹೋದ, ಕೋಲೂರಿಕೊಂಡು ಒಬ್ಬ ಅಜ್ಜಿ ಹೋದಳು. ಇನ್ನು ಯಾರಾದರೂ? ಡೋರೀನ್ ಹುಬ್ಬೇರಿಸಿದಳು. ರೆಮಿ ತನ್ನ ಬೂಟಿನ ದಾರ ನೋಡಿದ. ವಿರೋಧ ಇರುವವರು ಬನ್ನಿ. ವಿನ್ಸ್ಲೋ ಹೋಗಿ, ತನ್ನ ತಾತ ಕುದುರೆ ಗಾಡಿಯಲ್ಲಿ ಸೀಮೆಎಣ್ಣೆ ಮಾರಿದ್ದರಿಂದ ಶುರುಮಾಡಿದವನು ತಾತ ಸಾಯುವಷ್ಟರಲ್ಲಿ ಕೆಂಪು ದೀಪ ಹತ್ತಿತು. ವಾಪಸು ಬಂದು ಮೊಣಕೈಯಿಂದ ತಿವಿದ. “ಹೋಗು.”

“ಹೊಟ್ಟೆ ಸರಿಯಿಲ್ಲ, ವಿನ್ಸ್ಲೋ.”

“ಡೋನಟ್ ತಿನ್ನೋವಾಗ ಸರಿ ಇತ್ತಲ್ಲ.”

ಬೇರೆ ಚಾಲಕರು ಒಬ್ಬೊಬ್ಬರಾಗಿ ಹೋಗಿ ಬಂದರು. ರೆಮಿ ಏಳಲಿಲ್ಲ. ಇನ್ನೇನು ಎಲ್ಲ ಮುಗಿಯಿತು, ಎರಡು ಸರದಿಯೂ ತಪ್ಪಿತು, ಇಬ್ಬರ ಕೈಲೂ ಒಂದೊಂದು ಬೈಗುಳ ತಿಂದರೆ ಬದುಕಿಕೊಂಡೆ ಎನ್ನುವಷ್ಟರಲ್ಲಿ ಅಧ್ಯಕ್ಷೆ ಮೂರನೆಯದನ್ನು ಕರೆದಳು. ಪರವೂ ಅಲ್ಲದ, ವಿರೋಧವೂ ಅಲ್ಲದ ಯಾರಾದರೂ ಇದ್ದೀರಾ?

ಹುಟ್ಟಿದಾಗಿನಿಂದ ತನ್ನನ್ನೇ ಹೆಸರು ಹಿಡಿದು ಕರೆಯುತ್ತಿದ್ದರೇನೋ ಎಂಬಂತೆ ಅವನ ಕಾಲುಗಳು ತಾವೇ ಎದ್ದು ನಿಂತವು.

“ನನ್ನ ಹೆಸರು ರೆಮಿ ಮಿಶೋ,” ಎಂದ ಮೈಕಿನಲ್ಲಿ. “ಜಾಕೆಟ್ ಮೇಲಿರೋನು ನಾನಲ್ಲ.”

ಕೋಣೆ ನಕ್ಕಿತು. ಅದರಿಂದ ಸ್ವಲ್ಪ ಧೈರ್ಯ ಬಂತು, ಬರಬಾರದಿತ್ತು.

“ಇದು ಆದ್ರೆ ನಮ್ಮ ತಾಂತ್ ಮನೆ ಉಳಿಯುತ್ತೆ, ನನ್ನ ಕೆಲಸ ಹೋಗುತ್ತೆ. ಕೆಲಸ ಹೋದ್ರೆ ಉಳಿದ ಮನೇನ ನಡೆಸೋದು ಹೇಗೆ? ಆಗ್ಲಿಲ್ಲ ಅಂದ್ರೆ ಕೆಲಸ ಉಳಿಯುತ್ತೆ, ಮನೆ ಹೋಗುತ್ತೆ. ಮನೇನೇ ಹೋದ್ಮೇಲೆ ಆ ಕೆಲಸ ಯಾರಿಗೆ ಬೇಕು? ಡೋರೀನ್‌ಗೂ ಬರ್ತೀನಿ ಅಂದಿದ್ದೆ, ವಿನ್ಸ್ಲೋಗೂ ಬರ್ತೀನಿ ಅಂದಿದ್ದೆ. ಬಂದಿದೀನಿ. ಅಷ್ಟೇ.”

ಹಸಿರು ದೀಪ ಇನ್ನೂ ಉರಿಯುತ್ತಿತ್ತು. ಅವನು ಮೈಕು ಬಿಟ್ಟು ಹೊರಡಲು ಹೋದ. ಮೇಜಿನ ತುದಿಯಲ್ಲಿದ್ದ ಮುದುಕ ಸದಸ್ಯ, ಉತ್ತರದ ಕಡೆಯ ಆಲೂಗಡ್ಡೆ ಬೆಳೆಗಾರ, ಕನ್ನಡಕ ಹಣೆಗೇರಿಸಿ ಬಹಳ ಮೆತ್ತಗೆ ಕೇಳಿದ:

“ಒಂದು ನಿಮಿಷ, ಮಗ. ಆ ಮನೆ ಇಲ್ವೇ ಇಲ್ಲ ಅಂತ ಇಟ್ಕೋ. ಆಗ ಏನ್ ಮಾಡ್ತೀಯ ನೀನು?”

“ಹೊರಟು ಹೋಗ್ತೀನಿ,” ಅಂದ ರೆಮಿ.

ಯೋಚನೆ ಮಾಡಿ ಆಡಿದ ಮಾತಲ್ಲ. ಆದರೆ ಜೀವಮಾನದಲ್ಲಿ ಅಷ್ಟು ಬೇಗ ಅವನು ಯಾವ ಪ್ರಶ್ನೆಗೂ ಉತ್ತರ ಕೊಟ್ಟಿರಲಿಲ್ಲ.

“ಎಲ್ಲಿಗೆ?”

“ಪೋರ್ಟ್‌ಲಂಡಿಗೆ.”

“ಯಾವಾಗ?”

“ಆವತ್ತೇ.”

ಮುದುಕ ತಲೆಯಾಡಿಸಿ ಕನ್ನಡಕ ಇಳಿಸಿಕೊಂಡ. ರೆಮಿಗೆ ಆಗ ನೆನಪಾಯಿತು: ಈ ಕಲಾಪವೆಲ್ಲ ಕಂಪ್ಯೂಟರಿನಲ್ಲಿ ನೇರ ಬರುತ್ತದೆ. ಸಲೂನಿನಲ್ಲಿ ಡೋರೀನ್‌ಳ ಕಂಪ್ಯೂಟರಿನ ಮುಂದೆ ನಾಲ್ಕಾರು ಹೆಂಗಸರ ನಡುವೆ ತಾಂತ್ ಕೂತಿರುತ್ತಾಳೆ, ಈ ದಿನಕ್ಕೆಂದೇ ತಲೆ ಸರಿಮಾಡಿಸಿಕೊಂಡು.

ವಾಪಸು ಬರುವಾಗ ವ್ಯಾನಿನ ಹಿಂದಿನ ಸೀಟಿನ ಚಾಲಕನೊಬ್ಬ, “ಪೋರ್ಟ್‌ಲಂಡಲ್ಲಿ ಗಾಡಿ ನಿಲ್ಸೋಕೆ ಜಾಗ ಸಿಗಲ್ಲ,” ಅಂದ.

“ಬಾಡಿಗೆ ಮನೆನೂ ಸಿಗಲ್ಲ,” ಅಂದ ಇನ್ನೊಬ್ಬ.

ಬಯ್ಯುತ್ತಾನೆಂದು ಕಾದರೆ ವಿನ್ಸ್ಲೋ ಬಯ್ಯಲಿಲ್ಲ. “ಒಡೀಲ್ ನೋಡ್ತಿದ್ರೇನಯ್ಯ?” ಎಂದು ಕೇಳಿದ.

“ಹೂಂ.”

ವಿನ್ಸ್ಲೋ ವ್ಯಾನಿನ ಹೀಟರನ್ನು ಒಂದು ಸುತ್ತು ಹೆಚ್ಚಿಸಿದ. ಬೈದಿದ್ದರೇ ಚೆನ್ನಾಗಿತ್ತು.

ಮನೆಯಲ್ಲಿ ಹಳದಿ ಬಟಾಣಿಯ ಸೂಪು ಕುದಿಯುತ್ತಿತ್ತು. ಪಕ್ಕದಲ್ಲಿ ಪ್ಲೋಯ್‌ಗಳ ರಾಶಿ, ಒಂದೇ ಮಗ್ಗುಲು ಬೆಂದ ಹುರುಳಿಬಣ್ಣದ ದೋಸೆಗಳು, ಮೇಲೆ ಒಗೆದ ಟವೆಲ್ಲು. ತಾಂತ್ ಬಡಿಸಿದಳು. “ಜಾಕೆಟ್ ತೆಗೆದು ಹೋಗ್ಬೇಕಿತ್ತು,” ಅಂದಳು. “ಕಾಲರ್ ಮಡಚ್ಕೊಂಡಿತ್ತು.” ಅಷ್ಟೇ.

ಪೋರ್ಟ್‌ಲಂಡಿನ ಮಾತು ಆ ರಾತ್ರಿಯೂ ಇಲ್ಲ, ಮರುದಿನವೂ ಇಲ್ಲ. ಬದಲಿಗೆ ಅವಳು ಮರ್ಯಾದೆ ಶುರುಮಾಡಿದಳು. ಸೌದೆ ತಂದಿಟ್ಟರೆ “ಉಪಕಾರ ಆಯ್ತಪ್ಪ” ಅನ್ನುವಳು. ನಾಯಿಯನ್ನು ಹೊರಗೆ ಕರೆದೊಯ್ದರೆ “ನಿನಗೆ ತೊಂದರೆ” ಅನ್ನುವಳು. ಹೋಟೆಲಿನಲ್ಲಿ ಇಳಿದುಕೊಂಡವನಿಗೆ ಆಡುವಂಥ ಮಾತುಗಳು. ಒಂದು ಸಲ ತಲೆಗೆ ಮೊಟಕಿ ಬೈದುಬಿಡಲಿ ಎಂದು ರೆಮಿ ಬೇಕೆಂದೇ ಕೆಸರು ಬೂಟಿನಲ್ಲಿ ಅಡುಗೆಮನೆಗೆ ಬಂದ. ಅವಳು ಹಿಂದೆಯೇ ಒರೆಸಿಕೊಂಡು ಬಂದಳು.

ಏಪ್ರಿಲಿನಲ್ಲಿ ಸಮಿತಿ ತೀರ್ಮಾನ ಕೊಟ್ಟಿತು. ಕೊಡಲಿಲ್ಲ ಅಂದರೂ ಆಯಿತು. ಮಸೂದೆಯನ್ನು ಮುಂದಿನ ವರ್ಷಕ್ಕೆ ತಳ್ಳಿದರು.

“ಸತ್ತಿಲ್ಲ,” ಅಂದಳು ಡೋರೀನ್ ಸಲೂನಿನಲ್ಲಿ, ಅವನ ಕುತ್ತಿಗೆಯ ಮೇಲೆ ಯಂತ್ರ ಓಡಿಸುತ್ತಾ, ಬೇಕಾದ್ದಕ್ಕಿಂತ ಗಟ್ಟಿಯಾಗಿ. “ಉಸಿರಾಡ್ತಿದೆ. ಮುಂದಿನ ವರ್ಷ ಮತ್ತೆ ಕರೀತಾರೆ. ಬರ್ತೀಯಲ್ಲ?”

“ಹೂಂ.”

“ಈ ಸಲ ಯಾವ ಸಾಲಲ್ಲಿ ಕೂರ್ತೀಯ ಅಂತ ಮೊದ್ಲೇ ಹೇಳ್ಬಿಡಪ್ಪ, ಬಾಯಿ ತೆಗೆದು ಮರ್ಯಾದೆ ಕಳ್ಕೊಳ್ಳಲ್ಲ ನಾನು.”

ಅಂದು ಇಬ್ಬರೂ ಮನೆಗೆ ಬಂದ ಮೇಲೆ ತಾಂತ್ ಕೋಟನ್ನೂ ಬಿಚ್ಚದೆ ಅಡುಗೆಮನೆಯ ಮೇಜಿನ ಮುಂದೆ ಕೂತಳು. “ಕೂತ್ಕೋ,” ಅಂದಳು. ಕೂತ.

“ಇನ್ನೊಂದು ವರ್ಷ ಈ ಕಂದಾಯ ಕಟ್ಟೋದು ನಿನ್ನ ಸಂಬಳ ಹಿಂಡಿದ್ರೇನೇ. ಕೀಟಿಂಗ್ ಮುಂದಿನ ತಿಂಗಳು ಬರ್ತಾನೆ. ಕಟ್ಟೆ ಜೋಡಿಸೋವಾಗ ಕೇಳೇ ಕೇಳ್ತಾನೆ. ಈ ಸಲ ನನ್ನನ್ನ ಕೇಳೋಕೆ ಒಳಗೆ ಬರ್ಬೇಡ. ನೀನೇ ಹೇಳು.”

“ನಾನೇನು ಹೇಳ್ಲಿ? ಮನೆ ನಿಂದು.”

“ಮನೆ ನಂದು, ಇಲ್ಲಿ ಕಟ್ಟಿಹಾಕಿರೋದು ನಿನ್ನ. ಹೂಂ ಅಂದ್ರೆ ಹೂಂ. ಮಾರಿ, ನಾನು ಚರ್ಚ್ ಹಿಂದಿನ ವಯಸ್ಸಾದೋರ ಫ್ಲಾಟಿಗೆ ಹೋಗ್ತೀನಿ. ಡೋರೀನ್ ನನ್ನ ಹೆಸರು ಹೇಳಿಟ್ಟಿದಾಳೆ. ಲಿಫ್ಟ್ ಇದೆ. ಬುಧವಾರ ಬುಧವಾರ ಬಿಂಗೋ ಇದೆ.”

“ತಾಂತ್, ಅವತ್ತು ಸುಮ್ನೆ ಬಾಯಿಗೆ ಬಂತು.”

“ಸುಮ್ನೆ ಬಂದಿದ್ರೆ ಊರಿನ ಹೆಸರು ಜೊತೆಗೆ ಬರ್ತಿರ್ಲಿಲ್ಲ.” ಅವಳು ಎದ್ದು ಕೋಟಿನ ಗುಂಡಿ ಬಿಚ್ಚತೊಡಗಿದಳು. “ಹೂಂ ಅನ್ನು, ಇಲ್ಲ ಅನ್ನು. ಈ ಅಡುಗೆಮನೇಲಿ ಮೂರನೇ ಸರದಿ ಇಲ್ಲ, ರೆಮಿ.”

ಮುಂದಿನ ಭಾನುವಾರ ಅವನು ಯಾರಿಗೂ ಹೇಳದೆ ಪೋರ್ಟ್‌ಲಂಡಿಗೆ ಗಾಡಿ ಓಡಿಸಿಕೊಂಡು ಹೋದ. ಈವರೆಗೆ ಕಡಲ ದಂಡೆಯ ಆ ದೊಡ್ಡ ಊರನ್ನು ಅವನು ನೋಡಿದ್ದು ಬುದ್ಧಿಹಲ್ಲು ಕೀಳಿಸಲು ಒಮ್ಮೆ, ಹಾಕಿ ಪಂದ್ಯಕ್ಕೆ ಕೆಲವು ಸಲ. ಸಹೋದ್ಯೋಗಿಗಳು ಹೇಳಿದ್ದು ನಿಜ. ಗಾಡಿ ನಿಲ್ಲಿಸಲು ಜಾಗ ಸಿಗಲಿಲ್ಲ. ಎಲ್ಲೋ ನಿಲ್ಲಿಸಿ ಬಂದರಿನ ತನಕ ನಡೆದ. ಬೆಂಚಿನ ಮೇಲೆ ಕೂತು ಮೀನಿನ ಸ್ಯಾಂಡ್‌ವಿಚ್ ತಿಂದ. ದ್ವೀಪಕ್ಕೆ ಹೋಗುವ ದೋಣಿ ಬಂತು, ಜನ ಇಳಿದರು, ಜನ ಹತ್ತಿದರು; ಅವರಿಗೆಲ್ಲ ಎಲ್ಲಿಗೆ ಹೋಗಬೇಕೆಂದು ಗೊತ್ತಿತ್ತು. ಇಲ್ಲಿ ತಾನು ಏನಾಗಬೇಕೆಂದು ಅವನು ಕಲ್ಪಿಸಿಕೊಳ್ಳಲು ನೋಡಿದ. ಇಷ್ಟು ವರ್ಷ ಹಿಮದಲ್ಲಿ ಪೈಪು ಎಳೆಯುವಾಗೆಲ್ಲ ಮನಸ್ಸಿನಲ್ಲಿ ಹಚ್ಚಿಟ್ಟ ದೀಪದಂತೆ ಇದ್ದ ಊರು ಇದೇ. ಹತ್ತಿರ ಬಂದು ನೋಡಿದರೆ ಆ ಚಿತ್ರದೊಳಗೆ ಅವನೇ ಇರಲಿಲ್ಲ. ಒಂದು ಬೀದಿಯಲ್ಲಿ ಹಾಯುವಾಗ ಪರಿಚಿತ ಸದ್ದು ಕೇಳಿ ನಿಂತ. ಭಾನುವಾರವೂ ಯಾರ ಮನೆಯಲ್ಲೋ ಎಣ್ಣೆ ಮುಗಿದಿತ್ತು. ಟ್ಯಾಂಕರಿನವನೊಬ್ಬ ಗೋಡೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಸೀಟಿಗೆ ಕಿವಿಗೊಟ್ಟಿದ್ದ. ಇದನ್ನೇ ಮಾಡಲು ಇಷ್ಟು ದೂರ ಬರಬೇಕೆ ಎಂದು ರೆಮಿಗೆ ನಗು ಬಂತು. ಆ ಸೀಟಿ ನಿಲ್ಲುವ ತನಕ ಅಲ್ಲೇ ನಿಂತಿದ್ದು, ಹೊತ್ತು ಮುಳುಗುವುದರೊಳಗೆ ಮನೆ ಸೇರಿದ.

“ಎಲ್ಲಿಗೋ ಹೋಗಿದ್ಯಲ್ಲ,” ಅಂದಳು ತಾಂತ್.

“ಸುಮ್ನೆ. ರೌಂಡ್.”

ಮೇ ತಿಂಗಳಲ್ಲಿ ಎಣ್ಣೆಯ ಕೆಲಸ ಪ್ರತಿ ವರ್ಷದಂತೆ ತೆಳುವಾಯಿತು. ವಿನ್ಸ್ಲೋ ವಾರಕ್ಕೆ ಎರಡು ದಿನ ಬಂದರೆ ಸಾಕು ಎಂದ. ರೆಮಿ ಎದೆಯ ತನಕ ಬರುವ ರಬ್ಬರ್ ಬೂಟು ತೊಟ್ಟು ಕೀಟಿಂಗನ ದೋಣಿಕಟ್ಟೆ ಜೋಡಿಸಲು ಕೆರೆಗಿಳಿದ. ಮಂಜುಗಡ್ಡೆ ಹೋಗಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಎಡಗಾಲಿನ ಬೂಟು ಹೋದ ವರ್ಷವೇ ತೂತಾಗಿತ್ತು. ತಣ್ಣೀರು ಒಳಗೆ ಬಂದು ಪಾದ ಮರಗಟ್ಟಿತು. ಕಪ್ಪುನೊಣಗಳು ಕಿವಿಯ ಹಿಂದೆ ಹಬ್ಬ ಮಾಡುತ್ತಿದ್ದವು. ಎರಡು ಕೈಯಲ್ಲೂ ಕಟ್ಟೆಯ ಕಬ್ಬಿಣದ ಕಾಲು ಹಿಡಿದಿರುವವನು ನೊಣ ಓಡಿಸುವುದಾದರೂ ಹೇಗೆ?

ಕೀಟಿಂಗ್ ಕಾಫಿ ಹಿಡಿದು ದಂಡೆಗೆ ಬಂದ.

“ಚಳಿಗಾಲ ಚೆನ್ನಾಗಿತ್ತಾ, ರೆಮಿ?”

“ಹೂಂ.”

“ಒಡೀಲ್ ಆರೋಗ್ಯ?”

“ಹೂಂ.”

“ಹೇಗೆ, ಈ ವರ್ಷ ಮಾರ್ತಾರಾ?” ಅವನು ಎಂದಿನಂತೆ ನಕ್ಕ. ಆದರೆ ಈ ಸಲ ನಗು ಮುಗಿದ ಮೇಲೂ ಕಾದು ನಿಂತ.

ರೆಮಿ ತಲೆಯೆತ್ತಿದ. ಆಚೆ ಪಕ್ಕ ತಾಂತ್‌ಳ ಅಡುಗೆಮನೆಯ ಕಿಟಕಿ ತೆರೆದಿತ್ತು. ಅವಳು ಸಿಂಕಿನ ಮುಂದೆ ನಿಂತಿದ್ದಳು. ನಲ್ಲಿ ಬಿಟ್ಟ ಸದ್ದಿರಲಿಲ್ಲ. ಆಡಬೇಕಾದ ಮಾತು ಅವನಿಗೆ ಗೊತ್ತಿತ್ತು. ಜೀವನವೆಲ್ಲ ಆಡಿಕೊಂಡು ಬಂದ ಮಾತೇ, ನಾಲಿಗೆ ಎತ್ತುವ ಶ್ರಮವೂ ಬೇಡ. ಅದೊಂದನ್ನು ಅಂದುಬಿಟ್ಟರೆ ಎಲ್ಲ ಬಾಗಿಲೂ ತೆಗೆಯುತ್ತವೆ. ತೆಗೆದ ಬಾಗಿಲಿನಾಚೆ ಬಂದರಿನ ಬೆಂಚೊಂದು ಬಿಟ್ಟರೆ ಅವನಿಗೆ ಏನೂ ಕಾಣಿಸಲಿಲ್ಲ.

“ಇಲ್ಲ,” ಅಂದ.

“ಕೇಳಿ ಹೇಳ್ತೀಯಾ?”

“ಇಲ್ಲ. ಕೇಳಲ್ಲ. ಮಾರಲ್ಲ.”

ಕೀಟಿಂಗ್ ಹುಬ್ಬೇರಿಸಿದ. ಆಮೇಲೆ ಲೋಟ ಎತ್ತಿ, “ನೀನು ಪುಣ್ಯವಂತ ಬಿಡು. ನಾವು ಎರಡು ತಿಂಗಳಿಗೆ ಬಾಯಿ ಬಿಡ್ತೀವಿ, ನೀನು ವರ್ಷವೆಲ್ಲ ಇಲ್ಲೇ,” ಎಂದು ಮೇಲೆ ಹೋದ.

ಮೊದಲ ಸಲ ಇಲ್ಲ ಅಂದರೆ ಎದೆ ಹಗುರಾಗುತ್ತದೆ ಎಂದು ರೆಮಿ ಎಣಿಸಿದ್ದ. ಹಾಗೇನೂ ಆಗಲಿಲ್ಲ. ಹೆಜ್ಜೆ ಕೀಳಲು ಹೋದರೆ ಎಡಗಾಲು ಕೆಸರಿನಲ್ಲಿ ಹೂತಿತ್ತು. ಜಗ್ಗಿದಾಗ ಕಾಲು ಬೂಟಿನೊಳಗೇ ಅರ್ಧ ಮೇಲೆ ಬಂತು, ಬೂಟು ಅಲ್ಲೇ ಉಳಿಯಿತು.

ಸಂಜೆ ತಾಂತ್ ಬೀನ್ಸ್ ಬಡಿಸಿ ಎದುರಿಗೆ ಕೂತಳು. ನಾಯಿ ಇಬ್ಬರ ನಡುವೆ ಮಲಗಿತ್ತು.

“ಇಲ್ಲ ಅಂದ್ಯಂತೆ.”

“ಹೂಂ.”

“ನನಗೋಸ್ಕರ ಅಂದ್ಯಾ?”

ರೆಮಿ ಬ್ರೆಡ್ ಮುರಿದು ಬೀನ್ಸಿನ ರಸದಲ್ಲಿ ಅದ್ದಿದ. ಅವಳು ಅವನ ಉತ್ತರಕ್ಕೆ ಕಾಯುತ್ತಿದ್ದಾಳೆಂದು ಅಂದುಕೊಂಡಿದ್ದ. ನೋಡಿದರೆ ಅವಳು ಕಿಟಕಿಯಾಚೆ, ತಾನು ಕಂದಾಯ ಕಟ್ಟುವ ಆ ಕೆರೆಯನ್ನು, ಬಹಳ ದಿನದಿಂದ ಮನೆಯಲ್ಲಿ ಉಳಿದುಕೊಂಡಿರುವ ನೆಂಟನನ್ನು ನೋಡುವ ಹಾಗೆ ನೋಡುತ್ತಿದ್ದಳು.

“ಆ ಫ್ಲಾಟಲ್ಲಿ ಲಿಫ್ಟ್ ಇತ್ತು ಕಣೋ,” ಅಂದಳು.

ಅವನ ಕೈ ತಟ್ಟೆಯ ಮೇಲೆಯೇ ನಿಂತಿತು. ಅವಳು ಅವನ ತಟ್ಟೆಗೆ ಇನ್ನೊಂದು ಸೌಟು ಬೀನ್ಸ್ ಹಾಕಿದಳು.

“ಉತ್ತರದ ಗೋಡೆ ಹಲಗೆ ಕೊಳೀತಾ ಇದೆ. ಬೇಸಿಗೇಲೇ ಬದಲಾಯಿಸ್ಬೇಕು. ಇಲ್ಲದಿದ್ರೆ ಬರೋ ಚಳಿಗಾಲ ಕಷ್ಟ. ನಾಳೆ ನೋಡ್ತೀಯಾ?”

“ಹೂಂ,” ಅಂದ ರೆಮಿ.